ಡ್ರೈವರ್ ಇಲ್ಲ

ಇನ್ನು ಮುಂದೆ ಇದಕ್ಕೆ ಬೆಂಬಲವಿಲ್ಲ ಎಂದು
ಪರದೆಯ ಮೂಲೆಯಲ್ಲಿ ಮೂರು ತಿಂಗಳಿಂದ ಬರುತ್ತಿತ್ತು.
‘ಆಮೇಲೆ ನೆನಪಿಸು’ ಒತ್ತಿ ಒತ್ತಿ
ಆ ಜಾಗ ಬೆರಳಿಗೆ ಬಾಯಿಪಾಠ.

ಸುಂಟಿಕೊಪ್ಪದ ಕಾಫಿ ಗೋದಾಮು. ಜನವರಿ.
ಕಣದಲ್ಲಿ ರೊಬಸ್ಟಾ ಒಣಗುತ್ತಿದೆ,
ಕೆಂಪು ಹೋಗಿ ಕಪ್ಪಾಗುವ ಆ ಹುಳಿ ವಾಸನೆ
ಕೀಬೋರ್ಡಿನ ಸಂದಿಯಲ್ಲೂ ಇದೆ.
ಸೀಸನ್ ಮುಗಿಯಲಿ ಅಂದೆ.
ಪಕ್ಕದ ಮಂಡಿಯ ಲೆಕ್ಕವನ್ನೆಲ್ಲ ವೈರಸ್ ತಿಂದಿತಂತೆ,
ಮುದ್ದಯ್ಯನವರು ಕೇಳಲಿಲ್ಲ.
ಕುಶಾಲನಗರದಿಂದ ಉಬೈದ್ ಬಂದ,
ಜೇಬಿನಲ್ಲಿ ಹೆಬ್ಬೆರಳಿನಷ್ಟು ಪೆನ್‌ಡ್ರೈವ್,
ಅದರೊಳಗೆ ಇಡೀ ಹೊಸ ವ್ಯವಸ್ಥೆ.

ಹಳೆಯದು ಅಳಿಯಲು ನಲವತ್ತು ನಿಮಿಷ.
ನೀಲಿಯ ಮೇಲೆ ಚುಕ್ಕಿಗಳು ಸುತ್ತಿದವು,
ಹೊರಗೆ ಏಳು ಪಿಕಪ್ ಸಾಲು ನಿಂತವು,
ಯಾರೋ ಹಾರ್ನ್ ಹೊಡೆದ.

ಎದ್ದಿತು. ಚೆಂದವೇ ಇತ್ತು.
ಯಾವುದೋ ದೇಶದ ಸರೋವರ ತೋರಿಸಿತು,
ನನ್ನ ಹೆಸರು ಕೇಳಿತು,
ನಮ್ಮೂರಿನ ಚಳಿ ಎಷ್ಟೆಂದು ನಮಗೇ ಹೇಳಿತು.
ಮೊಳ ದೂರದಲ್ಲಿ
ಹದಿನೇಳು ವರ್ಷದಿಂದ ಕೂತ ಪ್ರಿಂಟರಿಗೆ ಮಾತ್ರ
‘ಯಾವ ಸಾಧನವೂ ಕಂಡುಬಂದಿಲ್ಲ.’

ಕಾಣದಿರಲು ಅದೇನು ಸಣ್ಣದೇ?
ತಲೆಯ ಮೇಲೆ ಚೀಟಿಯ ಕಟ್ಟು,
ಮುರಿದ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿ.
ಬಿಳಿ, ಗುಲಾಬಿ, ಹಳದಿ, ಮೂರು ಪ್ರತಿಗೂ ಒಂದೇ ಗುದ್ದು.
ಅದರ ಕಿರ್ರ್ ಕೇಳಿದ ಮೇಲೆಯೇ
ಬೆಳೆಗಾರರು ಬೆಂಚಿನಿಂದ ಏಳುವುದು.
ಸದ್ದಿಲ್ಲದೆ ಬಂದ ಚೀಟಿಯನ್ನು
ಯಾರು ನಂಬುತ್ತಾರೆ?

“ಡ್ರೈವರ್ ಇಲ್ಲ ಅಕ್ಕ” ಅಂದ ಉಬೈದ್.
ಬಾಗಿಲಲ್ಲಿ ಇಣುಕಿದ ತಮ್ಮಯ್ಯ,
ಬೆಳಗ್ಗೆ ಆರಕ್ಕೇ ಮಾದಾಪುರದಿಂದ ಮೂಟೆ ತಂದವನು,
“ಇಲ್ಲೇ ಇದ್ದೇನಲ್ಲ, ಎಂತ ಬೇಕು?”
ನಕ್ಕೆವು. ನಗುವಷ್ಟರಲ್ಲಿ ಸಾಲಿಗೆ ಇನ್ನೊಂದು ಗಾಡಿ.

ತೂಕದ ಯಂತ್ರ ಅಷ್ಟು ಸತಾಯಿಸಲಿಲ್ಲ.
ತಂತಿ ಇದ್ದಲ್ಲೇ ಇತ್ತು,
ಒಂದನೇ ಕಿಂಡಿಗೆ ಹೊಸ ವ್ಯವಸ್ಥೆ ಐದನೇ ನಂಬರು ಕೊಟ್ಟಿತ್ತು;
ನಮ್ಮ ಲೆಕ್ಕದ ಪ್ರೋಗ್ರಾಮು ಪಾಪ,
ಯಾರೂ ಇಲ್ಲದ ಒಂದನೇ ಮನೆಯ ಬಾಗಿಲು ತಟ್ಟುತ್ತಾ ನಿಂತಿತ್ತು.
ವಿಳಾಸ ತಿದ್ದಿದ. ಕಿಲೋ ಬಂತು.

ಮೇಜಿನ ಒಳಗೆ, ಹಳೆಯ ರೇಟಿನ ಪಟ್ಟಿಗಳ ಅಡಿಯಲ್ಲಿ,
ಪ್ರಿಂಟರಿನ ಜೊತೆ ಬಂದ ಸೀಡಿ ಸಿಕ್ಕಿತು.
ಲೋಟದ ಅಡಿಯ ದುಂಡು ಕಲೆ ಅದರ ಮೇಲೆ.
ಒರೆಸಿ ಹಾಕಿದೆವು.
ತಿರುಗಿತು, ಕೆಮ್ಮಿತು, ತಿರುಗಿತು,
ನಾನು ಬಲ್ಲ ಕಾಲ ಇದಲ್ಲ ಎಂಬರ್ಥದ ಒಂದು ಸಾಲು ಬರೆದು
ತಟ್ಟೆ ಹೊರಗೆ ಚಾಚಿತು.

ಉಬೈದ್ ಪಟ್ಟಿಯೊಂದನ್ನು ಕೆಳಗೆ, ಇನ್ನೂ ಕೆಳಗೆ ಎಳೆದ.
“ಇದರ ದಾಯಾದಿಯೊಬ್ಬನ ಹೆಸರಿದೆ ಅಕ್ಕ.
ಇದನ್ನೇ ಅವನು ಅಂತ ಹೇಳಿ ನೋಡೋಣ.
ಒಳಗಿನ ಗುಣ ಒಂದೇ.”

ನಾನು ಸುಮ್ಮನಿದ್ದೆ.
ಮದುವೆಯಾದ ಮೇಲೆ ನನ್ನ ಹೆಸರಿನ ಮುಂದಿನ
‘ಇರ’ ಹೋಗಿ ‘ಅಂಡ’ ಬಂತು,
ರೇಷನ್ ಕಾರ್ಡು, ಬ್ಯಾಂಕು, ಇಲ್ಲಿಯ ಹಾಜರಿ ಪುಸ್ತಕ, ಎಲ್ಲ ಕಡೆ.
ಕೂಡುವುದು ಕಳೆಯುವುದು ಮೊದಲಿನ ಹಾಗೆಯೇ.
ತವರಿನ ಮನೆಹೆಸರು ಹಿಡಿದು ಯಾರಾದರೂ ಕರೆದರೆ
ಈಗಲೂ ತಿರುಗುತ್ತೇನೆ,
ಒಂದು ಕ್ಷಣ ತಡವಾಗಿ.

“ಹೇಳು” ಅಂದೆ.

ಮೊದಲ ಹಾಳೆ ಬರೀ ಪ್ರಶ್ನೆಚಿಹ್ನೆ.
ಎರಡನೆಯದರಲ್ಲಿ ಅಕ್ಷರಗಳಿಗೆ ತಲೆ ಇತ್ತು, ಕಾಲಿರಲಿಲ್ಲ.
ಮೂರನೆಯದು
ಕಿರ್ರ್
ಎಂದದ್ದೇ ಬೆಂಚು ಖಾಲಿ,
ಹೊರಗೆ ಎಂಜಿನ್‌ಗಳು ಗುರ್ರೆಂದವು.
ತಮ್ಮಯ್ಯನ ನಲವತ್ತೆರಡು ಮೂಟೆ,
ತೇವ ಹನ್ನೊಂದು, ಓಟಿ ಇಪ್ಪತ್ತೇಳೂವರೆ.
ಚೀಟಿ ಮಡಚಿ ಅಂಗಿಯ ಜೇಬಿಗಿಟ್ಟು
“ನನ್ನನ್ನೇ ಹಾಕಿಕೊಂಡಿದ್ದರೆ ಆವಾಗಲೇ ಆಗುತ್ತಿತ್ತು” ಅಂದ.

ಒಂದು ಕುಂದು ಉಳಿದಿದೆ.
ನಿವ್ವಳ ತೂಕದ ಕೊನೆಯ ಅಂಕಿ
ಹಾಳೆಯ ತೂತುಗಳ ಅಂಚಿಗೆ ಬೀಳುತ್ತದೆ,
ಹರಿದಾಗ ಅಂಚಿನ ಜೊತೆ ಬುಟ್ಟಿಗೆ ಹೋಗುತ್ತದೆ.
ಮುಂದಿನ ವಾರ ಬರುತ್ತೇನೆ ಅಂದಿದ್ದಾನೆ ಉಬೈದ್.
ಅಲ್ಲಿತನಕ ಆ ಒಂದು ಅಂಕಿಯನ್ನು
ಬಾಲ್‌ಪೆನ್ನಿನಲ್ಲಿ ನಾನೇ ಬರೆಯುತ್ತೇನೆ,
ಗುಲಾಬಿಗೆ, ಹಳದಿಗೂ
ಇಳಿಯುವಷ್ಟು ಒತ್ತಿ.